ಮಾಲೀಕರೂ ನೀವೇ, ಆಳೂ ನೀವೇ

ಹೋದ ತಿಂಗಳು ಈ ಅಂಕಣದಲ್ಲಿ, ಒಬ್ಬರೇ ನಡೆಸುವ ವ್ಯವಹಾರದ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧದಷ್ಟು ಪ್ರಶ್ನೆಗಳೇ ಅಲ್ಲ. ತೀರ್ಮಾನ ಮೊದಲೇ ಮಾಡಿಕೊಂಡು, ಕೊನೆಗೆ "ಸರಿ ತಾನೇ?" ಅಂತ ಸೇರಿಸಿದ್ದೀರಿ. ಸರಿ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಪುಸ್ತಕಗಳ ಪುಟವಿನ್ಯಾಸ ಮಾಡಿಕೊಂಡು ಹದಿನಾರು ವರ್ಷ ಒಬ್ಬಳೇ ಕೂತವಳು. ಈ ತಪ್ಪುಗಳಲ್ಲಿ ಹೆಚ್ಚಿನವನ್ನು ನಾನೇ ಮಾಡಿ ನೋಡಿದ್ದೇನೆ. ಹೆಸರು ಹಾಕಬೇಡಿ ಅಂತ ತುಂಬಾ ಜನ ಕೇಳಿದ್ದರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇದೇ ಕೆಲಸವನ್ನು ಸಣ್ಣಪುಟ್ಟ ಅಂಗಡಿಗಳಿಗೆ ಸ್ವಂತವಾಗಿ ಮಾಡಿಕೊಡಬೇಕು ಅಂತಿದ್ದೇನೆ. ನನ್ನ ವರ್ಷದ ಸಂಬಳವನ್ನು ಕೆಲಸದ ದಿನಗಳಿಂದ ಭಾಗಿಸಿ ದಿನದ ರೇಟು ತೆಗೆದಿದ್ದೇನೆ. ಅದಕ್ಕಿಂತ ಸ್ವಲ್ಪ ಕಡಿಮೆ ಹೇಳಿದರೆ ಗಿರಾಕಿಗಳು ಬೇಗ ಬರುತ್ತಾರೆ, ಸಂಬಳದಷ್ಟಂತೂ ಹುಟ್ಟುತ್ತದೆ. ಸರಿ ತಾನೇ?

ಉತ್ತರ: ಭಾಗಾಕಾರ ಸರಿ ಇದೆ, ಭಾಜಕ ತಪ್ಪು.

ವರ್ಷಕ್ಕೆ 365 ದಿನ. ಶನಿವಾರ, ಭಾನುವಾರ ಅಂತ 104 ಕಳೆದರೆ 261. ರಜೆ, ಜ್ವರ, ಮನೆಯ ಕೆಲಸ ಎಲ್ಲ ಸೇರಿ ಇನ್ನೊಂದು 30 ತೆಗೆಯಿರಿ. 231 ಉಳಿಯಿತು. ಈ 231 ದಿನವೂ ಗಿರಾಕಿ ದುಡ್ಡು ಕೊಡುವ ಕೆಲಸವನ್ನೇ ಮಾಡುತ್ತೀರಿ ಅಂತ ನೀವು ಅಂದುಕೊಂಡಿದ್ದೀರಿ. ನೌಕರಿಯಲ್ಲಿ ಹಾಗೆ ಅನಿಸುವುದು ಸಹಜ, ಯಾಕೆಂದರೆ ಅಲ್ಲಿ ಗಿರಾಕಿ ಹುಡುಕುವವರು ಬೇರೆ, ಬಿಲ್ಲು ವಸೂಲಿ ಮಾಡುವವರು ಬೇರೆ, ಕಂಪ್ಯೂಟರ್ ಕೆಟ್ಟರೆ ಬಂದು ನೋಡುವವರು ಬೇರೆ. ನಾಳೆಯಿಂದ ಅವರೆಲ್ಲರೂ ನೀವೇ.

ನನ್ನ ಎರಡನೇ ವರ್ಷದಲ್ಲಿ, ಇಷ್ಟು ದುಡಿದರೂ ಯಾಕೆ ಏನೂ ಉಳಿಯುತ್ತಿಲ್ಲ ಅಂತ ತಲೆಕೆಟ್ಟು, ಮೂರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಹೊತ್ತುಹೊತ್ತಿನ ಲೆಕ್ಕ ಬರೆದಿಟ್ಟೆ. ಆ ನೋಟ್‌ಬುಕ್ ಇನ್ನೂ ಇದೆ. ಒಂದು ಮಂಗಳವಾರದ ಪುಟ ಹೀಗಿದೆ. ಒಂಬತ್ತೂವರೆಯಿಂದ ಹತ್ತೂಕಾಲು: ಮೇಲ್‌ಗಳಿಗೆ ಉತ್ತರ. ಹತ್ತೂಕಾಲಿನಿಂದ ಹನ್ನೊಂದು: ಹೊಸಬರೊಬ್ಬರ ಜೊತೆ ಫೋನು (ಆ ಕೆಲಸ ಕೊನೆಗೂ ಬರಲಿಲ್ಲ). ಹನ್ನೊಂದರಿಂದ ಒಂದು: ಪುಟ ಕೂರಿಸಿದ್ದು. ಎರಡರಿಂದ ಎರಡೂ ಮುಕ್ಕಾಲು: ಪ್ರಿಂಟರಿನೊಳಗೆ ಕಾಗದ ಸಿಕ್ಕಿಕೊಂಡದ್ದು. ಅಲ್ಲಿಂದ ಮೂರೂವರೆ: ಹಳೆ ಬಿಲ್ಲಿನ ದುಡ್ಡಿಗೆ ಫೋನು, ಮೇಲು, ಮತ್ತೆ ಫೋನು. ಮೂರೂವರೆಯಿಂದ ಐದೂವರೆ: ಪುಟ. ಆಮೇಲೆ ಅರ್ಧ ಗಂಟೆ ಕೊಟೇಶನ್ ಬರೆದದ್ದು. ಒಟ್ಟು ಏಳೂವರೆ ಗಂಟೆ ಕೂತಿದ್ದೆ. ಅದರಲ್ಲಿ ದುಡ್ಡು ಹುಟ್ಟಿದ್ದು ನಾಲ್ಕೇ ಗಂಟೆ. ಅದೇನು ಕೆಟ್ಟ ದಿನವಲ್ಲ, ಸಾಧಾರಣ ದಿನ.

ಹಾಗಾಗಿ 231ರಲ್ಲಿ ಬಿಲ್ಲು ಹಾಕಬಹುದಾದ ದಿನ 120 ಅಂತ ಇಟ್ಟುಕೊಳ್ಳಿ. ಈಗ ನಿಮ್ಮ ವರ್ಷದ ಸಂಬಳ 1,200 ಅಂದುಕೊಳ್ಳೋಣ. ಯಾವ ದುಡ್ಡಾದರೂ ಸರಿ, ಲೆಕ್ಕ ಅದೇ. ನಿಮ್ಮ ಪ್ರಕಾರ ದಿನದ ರೇಟು 1,200 ಭಾಗಿಸು 231, ಅಂದರೆ 5ರ ಮೇಲೆ ಚೂರು. ಗಿರಾಕಿ ಬರಲಿ ಅಂತ ಸ್ವಲ್ಪ ಇಳಿಸಿ 5 ಅಂತೀರಿ. ನಿಜವಾಗಿ ಸಿಗುವ ದಿನ 120, ಕೈಗೆ ಬಂದದ್ದು 600. ಅದರಲ್ಲಿ ಕಂಪ್ಯೂಟರು, ಸಾಫ್ಟ್‌ವೇರು, ಇಂಟರ್ನೆಟ್, ಓಡಾಟ, ಮತ್ತು ಇಷ್ಟು ದಿನ ಕಂಪನಿಯೇ ತುಂಬುತ್ತಿದ್ದ ವಿಮೆ, ನಿವೃತ್ತಿ ನಿಧಿ ಎಲ್ಲ ಸೇರಿ 300 ಹೋಯಿತು ಅನ್ನಿ. ಉಳಿದದ್ದು 300. ಸಂಬಳದ ಕಾಲು ಭಾಗ! ಸಂಬಳದಷ್ಟೇ ಉಳಿಯಬೇಕಾದರೆ 1,200ಕ್ಕೆ 300 ಸೇರಿಸಿ 120ರಿಂದ ಭಾಗಿಸಬೇಕು. ಹನ್ನೆರಡೂವರೆ ಬರುತ್ತದೆ. ನೀವು ಹೇಳಹೊರಟ ರೇಟಿನ ಎರಡೂವರೆ ಪಟ್ಟು.

ಇಷ್ಟು ಕೇಳಿದರೆ ಯಾರು ಕೊಡುತ್ತಾರೆ ಅಂತ ನಿಮಗೀಗ ಗಾಬರಿಯಾಗಿರುತ್ತದೆ. ಗಾಬರಿ ಈಗಲೇ ಆಗಲಿ, ರಾಜೀನಾಮೆ ಕೊಟ್ಟ ಮೇಲೆ ಆಗುವುದಕ್ಕಿಂತ ವಾಸಿ. ಗಿರಾಕಿಗೆ ದಿನದ ರೇಟು ಹೇಳಲೇಬೇಕು ಅಂತೇನಿಲ್ಲ. ಇಡೀ ಕೆಲಸಕ್ಕೆ ಇಷ್ಟು ಅಂತ ಹೇಳಿ. ನಿಮ್ಮ ಹನ್ನೆರಡೂವರೆ ನಿಮ್ಮ ತಲೆಯಲ್ಲಿರಲಿ. ಒಂದೇ ಥರದ ಹತ್ತು ಅಂಗಡಿಗಳ ಲೆಕ್ಕ ಹಿಡಿದರೆ ಮೊದಲನೆಯದಕ್ಕೆ ಎರಡು ದಿನ ಹಿಡಿದದ್ದು ಹತ್ತನೆಯದಕ್ಕೆ ಅರ್ಧ ದಿನದಲ್ಲಿ ಮುಗಿಯುತ್ತದೆ. ನಿಮಗೆ ಉಳಿಯುವುದು ಅಲ್ಲೇ.

ಇನ್ನು "ಸ್ವಲ್ಪ ಕಡಿಮೆ" ಅನ್ನುವ ಮಾತು. 100ಕ್ಕೆ ಮಾರುವ ಸರಕಿಗೆ 60 ಖರ್ಚು ಬಿದ್ದರೆ 40 ಉಳಿಯುತ್ತದೆ. ಬೆಲೆಯಲ್ಲಿ ನೂರಕ್ಕೆ ಹತ್ತು ಬಿಟ್ಟರೆ ಉಳಿಯುವುದು 30. ಮೊದಲಿನಷ್ಟೇ ಲಾಭ ಬೇಕು ಅಂದರೆ ಮೂರು ಮಾರುತ್ತಿದ್ದ ಕಡೆ ನಾಲ್ಕು ಮಾರಬೇಕು. ಇಪ್ಪತ್ತು ಬಿಟ್ಟರೆ ಎರಡರಷ್ಟು ಮಾರಬೇಕು. ಸರಕು ಮಾರುವವರು ಇನ್ನಷ್ಟು ಸರಕು ತರಿಸಿಕೊಳ್ಳಬಹುದು. ನಿಮ್ಮ ಸರಕು ನಿಮ್ಮ ದಿನ. ಅದನ್ನು ಎಲ್ಲಿಂದ ತರಿಸುತ್ತೀರಿ?

ಪ್ರಶ್ನೆ: ಒಂದು ಕಾಲು ದಡದಲ್ಲಿ ಇಟ್ಟುಕೊಂಡರೆ ಈಜು ಬರುವುದಿಲ್ಲ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಧುಮುಕಿದರೆ ಮಾತ್ರ ವ್ಯವಹಾರ ಕೈ ಹಿಡಿಯುತ್ತದೆ ಅಂತ ನನ್ನ ಭಾವ ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತಿದೆ.

ಉತ್ತರ: ನಿಮ್ಮ ಭಾವ ಧುಮುಕಿದ್ದಾರಾ? ಸುಮ್ನೆ ಕೇಳಿದೆ.

ಇದು ಕೇಳಲು ಚೆಂದದ ಮಾತು, ಲೆಕ್ಕ ಬೇರೆಯೇ ಹೇಳುತ್ತದೆ. ಜೋಸೆಫ್ ರಫೀ ಮತ್ತು ಜೀ ಫೆಂಗ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಇದನ್ನೇ ಹುಡುಕಿ 2014ರಲ್ಲಿ ಪ್ರಕಟಿಸಿದರು. ನೌಕರಿಯಲ್ಲಿ ಇದ್ದುಕೊಂಡೇ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರು ಒಂದು ಕಡೆ, ಒಮ್ಮೆಲೇ ಕೆಲಸ ಬಿಟ್ಟು ಇಳಿದವರು ಇನ್ನೊಂದು ಕಡೆ. ಮೊದಲ ಗುಂಪಿನವರು ವ್ಯವಹಾರ ಕೈಬಿಡುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಕಾರಣ ಧೈರ್ಯ ಕಡಿಮೆ ಇದ್ದದ್ದಲ್ಲ. ಸಂಬಳ ಬರುತ್ತಿರುವಾಗಲೇ ಈ ಕೆಲಸ ತಮಗೆ ಒಗ್ಗುತ್ತದಾ, ದುಡ್ಡು ಕೊಡುವವರು ಇದ್ದಾರಾ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಆಗದು ಅಂತ ಗೊತ್ತಾದವರು ಸದ್ದಿಲ್ಲದೆ ನೌಕರಿಯಲ್ಲೇ ಉಳಿಯುತ್ತಾರೆ. ಅದೂ ಒಳ್ಳೆಯದೇ ಅಲ್ವಾ?

ಎರಡು ಎಚ್ಚರಿಕೆ ಮಾತ್ರ. ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸ ಮಾಡಬಾರದು ಅಂತ ಷರತ್ತು ಇದೆಯಾ ಅಂತ ಇವತ್ತೇ ತೆಗೆದು ಓದಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ, ಆಫೀಸಿನ ಹೊತ್ತಿನಲ್ಲಿ, ಆಫೀಸಿನ ಗಿರಾಕಿಗಳ ಪಟ್ಟಿ ಹಿಡಿದುಕೊಂಡು ನಿಮ್ಮ ಕೆಲಸ ಮಾಡಬೇಡಿ.

ಪ್ರಶ್ನೆ: ಹೊಸ ವ್ಯವಹಾರಗಳಲ್ಲಿ ನೂರಕ್ಕೆ ತೊಂಬತ್ತು ಮೊದಲ ವರ್ಷದಲ್ಲೇ ಮುಚ್ಚುತ್ತವಂತೆ. ಅಷ್ಟಾದ ಮೇಲೂ ಯಾಕೆ ಜನ ಹೋಗಿ ಬೀಳುತ್ತಾರೆ?

ಉತ್ತರ: ಈ ತೊಂಬತ್ತನ್ನು ನಾನೂ ಎಲ್ಲಾ ಕಡೆ ಕೇಳಿದ್ದೇನೆ. ವರ್ಷಗಟ್ಟಲೆ ಲೆಕ್ಕ ಇಟ್ಟಿರುವುದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ. ಅದರ ಪ್ರಕಾರ ಮೊದಲ ವರ್ಷದಲ್ಲಿ ಮುಚ್ಚುವುದು ಹೆಚ್ಚುಕಡಿಮೆ ನೂರಕ್ಕೆ ಇಪ್ಪತ್ತು. ಐದು ವರ್ಷ ಆಗುವ ಹೊತ್ತಿಗೆ ಅರ್ಧದಷ್ಟು. ಕಷ್ಟವೇ, ಆದರೆ ತೊಂಬತ್ತಲ್ಲ. ಮುಚ್ಚಿದವರೆಲ್ಲ ದಿವಾಳಿಯಾದವರೂ ಅಲ್ಲ. ವಯಸ್ಸಾಗಿ ನಿಲ್ಲಿಸಿದವರು, ಒಳ್ಳೆ ನೌಕರಿ ಸಿಕ್ಕಿ ಹೋದವರು ಎಲ್ಲರೂ ಅದರಲ್ಲೇ ಇದ್ದಾರೆ. ಇನ್ನೊಂದು ತಮಾಷೆ ಅಂದರೆ ಆ ಲೆಕ್ಕ ಸಂಬಳಕ್ಕೆ ಜನ ಇಟ್ಟುಕೊಂಡಿರುವ ಸಂಸ್ಥೆಗಳದ್ದು. ನಮ್ಮಂಥ ಒಂಟಿ ಜನ ಅದರೊಳಗೆ ಇಲ್ಲವೇ ಇಲ್ಲ!

ಪ್ರಶ್ನೆ: ಅಕ್ಕಾ, ನನಗೆ 46 ವರ್ಷ. ಮಕ್ಕಳು ಕಾಲೇಜು ಸೇರಿದರು. ಈಗ ಏನಾದರೂ ಶುರು ಮಾಡುತ್ತೇನೆ ಅಂದರೆ ಮನೆಯವರೆಲ್ಲ, ಇದೆಲ್ಲ ಹುಡುಗರ ಆಟ ಅಂತ ನಗುತ್ತಾರೆ.

ಉತ್ತರ: ನಗಲಿ ಬಿಡಿ. ಅಮೆರಿಕದಲ್ಲಿ ಕಂಪನಿ ಶುರು ಮಾಡಿ ಕನಿಷ್ಠ ಒಬ್ಬರಿಗಾದರೂ ಕೆಲಸ ಕೊಟ್ಟವರ ವಯಸ್ಸನ್ನು ನಾಲ್ವರು ಸಂಶೋಧಕರು ಲೆಕ್ಕ ಹಾಕಿ 2020ರಲ್ಲಿ ಪ್ರಕಟಿಸಿದರು. ಶುರು ಮಾಡಿದಾಗಿನ ಸರಾಸರಿ ವಯಸ್ಸು 41.9. ಅತಿ ವೇಗವಾಗಿ ಬೆಳೆದ, ಸಾವಿರಕ್ಕೆ ಒಂದು ಅನ್ನುವಂಥ ಕಂಪನಿಗಳನ್ನೇ ತೆಗೆದುಕೊಂಡರೆ 45. ಪತ್ರಿಕೆಗಳ ಮುಖಪುಟಕ್ಕೆ ಇಪ್ಪತ್ತೆರಡರ ಹುಡುಗ ಬೇಕು, ಅದು ಅವರ ವ್ಯವಹಾರ. ನಿಮ್ಮ ಕೈಯಲ್ಲಿ ಯಾರ್ಯಾರು ನಂಬುಗೆಯವರು ಅನ್ನುವ ಪಟ್ಟಿ ಇದೆ, ಇಪ್ಪತ್ತೆರಡರಲ್ಲಿ ಅದು ಇರುವುದಿಲ್ಲ. ಏನು ಶುರು ಮಾಡುತ್ತೀರಿ ಅಂತ ಮಾತ್ರ ನೀವು ಬರೆಯಲೇ ಇಲ್ಲ, ಬರೆಯಿರಿ.

ಪ್ರಶ್ನೆ: ಕಂಪನಿ ಅಂತ ರಿಜಿಸ್ಟರ್ ಮಾಡಿಸಿಬಿಟ್ಟರೆ ಏನೇ ನಷ್ಟ ಆದರೂ ನನ್ನ ಮನೆ, ನನ್ನ ಉಳಿತಾಯ ಯಾರೂ ಮುಟ್ಟುವ ಹಾಗಿಲ್ಲ ಅಂತ ಸ್ನೇಹಿತ ಹೇಳಿದ. ಹಾಗಿದ್ದರೆ ಎಲ್ಲರೂ ಅದನ್ನೇ ಮಾಡಬಹುದಲ್ಲ?

ಉತ್ತರ: ನಿಮ್ಮ ಸ್ನೇಹಿತ ಅರ್ಧ ಹೇಳಿದ್ದಾನೆ. ಇದಕ್ಕೊಂದು ಹಳೆ ಕಥೆ ಇದೆ, ನನಗೆ ಇಷ್ಟದ ಕಥೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಲಂಡನ್ನಿನಲ್ಲಿ ಆರನ್ ಸಾಲೊಮನ್ ಅಂತ ಒಬ್ಬ ಬೂಟು ತಯಾರಕ ಇದ್ದ. ಒಬ್ಬನೇ ಮಾಲೀಕ. 1892ರಲ್ಲಿ ತನ್ನ ವ್ಯವಹಾರವನ್ನು ಕಂಪನಿ ಮಾಡಿದ. ಆಗಿನ ಕಾನೂನಿಗೆ ಏಳು ಜನ ಬೇಕಿತ್ತು. ತಾನು, ಹೆಂಡತಿ, ಮಗಳು, ನಾಲ್ಕು ಗಂಡುಮಕ್ಕಳು, ಸರಿಯಾಗಿ ಏಳು. ಒಟ್ಟು 20,007 ಷೇರು, ಅದರಲ್ಲಿ ಇವನದ್ದೇ 20,001, ಉಳಿದವರಿಗೆ ತಲಾ ಒಂದು. ಸ್ವಲ್ಪ ಸಮಯದಲ್ಲೇ ವ್ಯವಹಾರ ಕುಸಿಯಿತು, ಸಾಲ ಕೊಟ್ಟವರಿಗೆ ಕೊಡಲು ದುಡ್ಡು ಸಾಲಲಿಲ್ಲ. ಇದು ಹೆಸರಿಗಷ್ಟೇ ಕಂಪನಿ, ನಿಜವಾಗಿ ಇವನೊಬ್ಬನೇ, ಆದ್ದರಿಂದ ಇವನೇ ಕಟ್ಟಲಿ ಅಂತ ವಾದ ಬಂತು. ಕೆಳಗಿನ ಎರಡು ಕೋರ್ಟುಗಳೂ ಹೌದು ಅಂದವು. 1896ರ ನವೆಂಬರಿನಲ್ಲಿ, ಆಗ ಅಲ್ಲಿ ಎಲ್ಲಕ್ಕಿಂತ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿತು. ಕಂಪನಿ ಬೇರೆ, ಸಾಲೊಮನ್ ಬೇರೆ, ಷೇರು ಯಾರ ಕೈಯಲ್ಲಿ ಎಷ್ಟಿದೆ ಅನ್ನುವುದು ಮುಖ್ಯವಲ್ಲ ಅಂತು. ಇವತ್ತಿಗೂ ಹಲವು ದೇಶಗಳ ಕಂಪನಿ ಕಾನೂನು ಓದುವವರು ಈ ಮೊಕದ್ದಮೆಯಿಂದಲೇ ಶುರು ಮಾಡುತ್ತಾರೆ. ಆಮೇಲಾಮೇಲೆ ಏಳು ಜನರ ಶಾಸ್ತ್ರವೂ ಬೇಡ, ಒಬ್ಬರೇ ಕಂಪನಿ ಮಾಡಬಹುದು ಅನ್ನುವ ಕಾನೂನುಗಳು ಬಂದವು. ಯುರೋಪಿನಲ್ಲಿ 1989ರ ನಿರ್ದೇಶನ, ಭಾರತದಲ್ಲಿ 2013ರ ಕಂಪನಿ ಕಾಯ್ದೆ.

ಇಷ್ಟು ನಿಮ್ಮ ಸ್ನೇಹಿತ ಹೇಳಿದ ಅರ್ಧ. ಇನ್ನರ್ಧ ಏನು ಅಂದರೆ, ಹೊಸ ಸಣ್ಣ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕಿನವರು ಸಾಮಾನ್ಯವಾಗಿ ನಿಮ್ಮ ವೈಯಕ್ತಿಕ ಜಾಮೀನು ಕೇಳುತ್ತಾರೆ. ಸಹಿ ಹಾಕಿದಿರೋ, ಆ ಸಾಲದ ಮಟ್ಟಿಗೆ ನಿಮಗೂ ಕಂಪನಿಗೂ ನಡುವಿನ ಗೋಡೆ ಬಿತ್ತು. ನಿಮ್ಮ ಕೈಯಾರೆ ಆದ ತಪ್ಪಿನಿಂದ ಇನ್ನೊಬ್ಬರಿಗೆ ಪೆಟ್ಟಾದರೆ ಕಂಪನಿಯ ಹಿಂದೆ ಅಡಗಿಕೊಳ್ಳುವುದು ಕಷ್ಟ. ಕಂಪನಿಯ ಖಾತೆಯಿಂದಲೇ ಮನೆ ಬಾಡಿಗೆ, ಮಗನ ಫೀಸು ಎಲ್ಲ ಕಟ್ಟುತ್ತಾ ಎರಡನ್ನೂ ಕಲಸಿಬಿಟ್ಟರೆ, ನೀವೇ ಬೇರೆ ಇಟ್ಟಿಲ್ಲದ್ದನ್ನು ಕೋರ್ಟು ಯಾಕೆ ಬೇರೆ ಅಂತ ನೋಡಬೇಕು? ಇದರ ಮೇಲೆ ವರ್ಷವರ್ಷ ಲೆಕ್ಕ ಸಲ್ಲಿಸುವ ಕೆಲಸ, ಅದರ ಖರ್ಚು. ಇಬ್ಬರು ಗಿರಾಕಿಗಳಿಗೆ ಅನುವಾದ ಮಾಡಿಕೊಡುವವರಿಗೆ ಇದೆಲ್ಲ ಮೊದಲ ದಿನವೇ ಬೇಕಾಗಿಲ್ಲ. ಇನ್ನೊಬ್ಬರಿಗೆ ಗಾಯವಾಗಬಹುದಾದ, ದೊಡ್ಡ ನಷ್ಟವಾಗಬಹುದಾದ ಕೆಲಸವಾದರೆ ಕಂಪನಿ ಜೊತೆಗೆ ವಿಮೆಯನ್ನೂ ವಿಚಾರಿಸಿ. ನಿಮ್ಮ ಕಡೆಯ ನಿಯಮ ತಿಳಿದ ಲೆಕ್ಕಿಗರನ್ನು ಒಮ್ಮೆ ದುಡ್ಡು ಕೊಟ್ಟು ಕೇಳಿ. ಸ್ನೇಹಿತನನ್ನು ಬಿಟ್ಟಿಯಾಗಿ ಕೇಳಬೇಡಿ.

ಅಂದಹಾಗೆ ಆ ಮೊಕದ್ದಮೆಯ ಕಾಗದದಲ್ಲಿ ಸಾಲೊಮನ್ ಹೆಸರಿನ ಪಕ್ಕ "ಬಡವ" ಅಂತ ಬರೆದಿದೆ. ಕಂಪನಿ ಉಳಿಸಿಕೊಳ್ಳಲು ಒದ್ದಾಡಿ, ಕೋರ್ಟಿನ ಖರ್ಚಿಗೂ ದುಡ್ಡಿಲ್ಲದವನಾಗಿ ಅವನು ಮೇಲ್ಮನವಿ ಹಾಕಿದ್ದ. ಗೆದ್ದದ್ದು ಹಾಗೆ.

ಪ್ರಶ್ನೆ: ನನ್ನ ಹತ್ತಿರ ಒಂದು ಐಡಿಯಾ ಇದೆ. ಯಾರಿಗೂ ಹೇಳಿಲ್ಲ, ಹೇಳಿದರೆ ಕದಿಯುತ್ತಾರೆ. ಮೊದಲು ಐಡಿಯಾಕ್ಕೆ ಕಾಪಿರೈಟ್ ಮಾಡಿಸುವುದು ಹೇಗೆ?

ಉತ್ತರ: ಮಾಡಿಸಲು ಆಗುವುದಿಲ್ಲ. ಕಾಪಿರೈಟ್, ಪೇಟೆಂಟ್ ಥರದ ಹಕ್ಕುಗಳ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ 1995ರಿಂದ ಜಾರಿಯಲ್ಲಿದೆ. ಕಾಪಿರೈಟ್ ಇರುವುದು ಬರೆದದ್ದಕ್ಕೆ, ಬಿಡಿಸಿದ್ದಕ್ಕೆ, ಬರಿಯ ಐಡಿಯಾಕ್ಕಲ್ಲ ಅಂತ ಅದರ 9ನೇ ವಿಧಿಯಲ್ಲೇ ಇದೆ. ನಿಮ್ಮದು ನಿಜವಾಗಿ ಹೊಸ ಯಂತ್ರ, ಹೊಸ ವಿಧಾನ ಆಗಿದ್ದರೆ ಮಾತು ಬೇರೆ. ಅದು ಪೇಟೆಂಟಿನ ವಿಷಯ. ಅರ್ಜಿ ಹಾಕುವ ಮೊದಲೇ ಎಲ್ಲರೆದುರು ತೋರಿಸಿದರೆ ಬಹಳಷ್ಟು ದೇಶಗಳಲ್ಲಿ ಹಕ್ಕೇ ಹೋಗಬಹುದು, ಅಲ್ಲಿ ಬಾಯಿ ಬಿಗಿ ಹಿಡಿಯಿರಿ. ಆದರೆ ಮನೆಮನೆಗೆ ಪುಸ್ತಕ ತಲುಪಿಸುವುದು, ಸಾಕುನಾಯಿ ನೋಡಿಕೊಳ್ಳುವುದು, ಈ ಥರದ್ದಾದರೆ ನಾಳೆಯೇ ಹತ್ತು ಜನರಿಗೆ ಹೇಳಿ. ಕದಿಯುವವರಿಗೆ ಅವರದೇ ಕೆಲಸ ಸಾಕಷ್ಟಿದೆ. ಹತ್ತರಲ್ಲಿ ಎಂಟು ಜನ "ಚೆನ್ನಾಗಿದೆ" ಅಂದು ಸುಮ್ಮನಾಗುತ್ತಾರೆ, ಇಬ್ಬರು "ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. ನಿಮಗೆ ಬೇಕಿರುವುದು ಆ ಇಬ್ಬರು.

ಪ್ರಶ್ನೆ: ಲೋಗೊ, ವೆಬ್‌ಸೈಟ್, ವಿಸಿಟಿಂಗ್ ಕಾರ್ಡ್, ಲೆಟರ್‌ಹೆಡ್ ಎಲ್ಲ ಸಿದ್ಧವಾಯಿತು. ಹೆಸರೂ ರಿಜಿಸ್ಟರ್ ಆಯಿತು. ಗಿರಾಕಿಗಳು ಮಾತ್ರ ಬರುತ್ತಿಲ್ಲ.

ಉತ್ತರ: ನಾನು ವಿಸಿಟಿಂಗ್ ಕಾರ್ಡ್ 500 ಮಾಡಿಸಿದ್ದೆ. ಹದಿನಾರು ವರ್ಷ ಆದರೂ 300ಕ್ಕೂ ಹೆಚ್ಚು ಉಳಿದಿವೆ, ಬೆನ್ನಿನ ಮೇಲೆ ಫೋನ್ ನಂಬರ್ ಬರೆದುಕೊಳ್ಳಲು ಚೆನ್ನಾಗಿವೆ. ಮೊದಲ ಗಿರಾಕಿ ವೆಬ್‌ಸೈಟ್ ನೋಡಿ ಬರುವುದು ಅಪರೂಪ. ನಿಮ್ಮನ್ನು ಈಗಾಗಲೇ ಬಲ್ಲವರು, ಅಥವಾ ಅವರು ಕಳಿಸಿದವರು ಬರುತ್ತಾರೆ. ಅವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಿರಿ. "ನಾನು ಹೊಸದಾಗಿ ಶುರು ಮಾಡಿದ್ದೇನೆ, ಹರಸಿ" ಅಂತಲ್ಲ. ಇಂಥ ಕೆಲಸ, ಇಷ್ಟು ದಿನದಲ್ಲಿ, ಇಷ್ಟಕ್ಕೆ ಮಾಡಿಕೊಡುತ್ತೇನೆ ಅಂತ. ಹರಸಿ ಅಂದರೆ ಹರಸಿಬಿಡುತ್ತಾರೆ, ಅಷ್ಟೆ.

ಇನ್ನೊಂದು. ವ್ಯವಹಾರದ ಹೆಸರು ರಿಜಿಸ್ಟರ್ ಆದ ಮಾತ್ರಕ್ಕೆ ಅದು ನಿಮ್ಮ ಟ್ರೇಡ್‌ಮಾರ್ಕ್ ಆಗುವುದಿಲ್ಲ. ಎರಡೂ ಬೇರೆ ಬೇರೆ ದಫ್ತರ. ಸರಕಿನ ಮೇಲೆ ಹೆಸರು ಹಾಕಿ ಮಾರುವವರಾದರೆ, ಬೇರೆ ಯಾರಾದರೂ ಅದೇ ಹೆಸರಿನ ಮೇಲೆ ಹಕ್ಕು ಪಡೆದಿದ್ದಾರಾ ಅಂತ ಹುಡುಕಿ ನೋಡಿ, ಡಬ್ಬಿಗಳ ಮೇಲೆ ಅಚ್ಚು ಹಾಕಿಸುವ ಮೊದಲು.

ಪ್ರಶ್ನೆ: ಬಟ್ಟೆ ಚೀಲ ಹೊಲಿದು ಅಂಗಡಿಗಳಿಗೆ ಕೊಡುತ್ತೇನೆ. ಲೆಕ್ಕ ಹಾಕಿದರೆ ಲಾಭ ಕಾಣುತ್ತದೆ, ಆರ್ಡರು ತಿಂಗಳಿಂದ ತಿಂಗಳಿಗೆ ಜಾಸ್ತಿ ಆಗುತ್ತಿದೆ. ಆದರೆ ಬಟ್ಟೆ ತರಲು ಪ್ರತಿ ತಿಂಗಳೂ ಸಾಲ ಮಾಡುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ?

ಉತ್ತರ: ಲೆಕ್ಕದಲ್ಲಿ ತಪ್ಪಿಲ್ಲ. ಲಾಭ ಇದ್ದರೆ ದುಡ್ಡು ಇರಲೇಬೇಕು ಅನ್ನುವ ನಂಬಿಕೆ ತಪ್ಪು, ಅದೂ ಓದಿದವರೆಲ್ಲ ಮಾಡುವ ತಪ್ಪು.

ಅಂಗಡಿಯವರು ಎರಡು ತಿಂಗಳ ಮೇಲೆ ದುಡ್ಡು ಕೊಡುತ್ತಾರೆ ಅನ್ನಿ. ಮೊದಲ ತಿಂಗಳು 100ರ ಆರ್ಡರು, ಬಟ್ಟೆಗೆ 60. ಎರಡನೇ ತಿಂಗಳು 200, ಬಟ್ಟೆಗೆ 120. ಮೂರನೇ ತಿಂಗಳು 300, ಬಟ್ಟೆಗೆ 180. ಮೂರು ತಿಂಗಳಲ್ಲಿ ಬಿಲ್ಲು ಹಾಕಿದ್ದು 600, ಖರ್ಚು 360, ಕಾಗದದ ಮೇಲೆ 240 ಲಾಭ. ಭೇಷ್! ಈಗ ಡಬ್ಬಿ ತೆರೆದು ನೋಡಿ. ಹೊರಗೆ ಹೋದದ್ದು 360, ಒಳಗೆ ಬಂದದ್ದು ಮೊದಲ ತಿಂಗಳ 100 ಮಾತ್ರ. 260 ಕಡಿಮೆ ಬಿತ್ತು. ನೀವು ಸಾಲ ಮಾಡುತ್ತಿರುವುದು ಅದಕ್ಕೇ. ಆರ್ಡರು ಹೆಚ್ಚಾದಷ್ಟೂ ಗುಂಡಿ ದೊಡ್ಡದಾಗುತ್ತದೆ. ವ್ಯವಹಾರ ಚೆನ್ನಾಗಿ ನಡೆಯುತ್ತಿರುವಾಗಲೇ ಮುಳುಗುವವರು ಹೀಗೇ ಮುಳುಗುತ್ತಾರೆ, ಅವರಿಗೆ ಯಾಕೆ ಅಂತಲೂ ತಿಳಿಯುವುದಿಲ್ಲ.

ದಾರಿ ಮೂರಿವೆ. ಬಟ್ಟೆಯ ದುಡ್ಡನ್ನಾದರೂ ಮುಂಗಡ ಕೇಳಿ. ಬಟ್ಟೆ ಮಾರುವವರ ಹತ್ತಿರ ನೀವೂ ಒಂದು ತಿಂಗಳ ಉದ್ದರಿ ಕೇಳಿ. ಎರಡೂ ಆಗದಿದ್ದರೆ ಆರ್ಡರಿಗೆ "ಈ ತಿಂಗಳು ಇಷ್ಟೇ" ಅನ್ನಿ. ಮೂರನೆಯದು ಹೇಳುವಾಗ ನಾಲಿಗೆ ಏಳುವುದಿಲ್ಲ, ಗೊತ್ತು.

ನನ್ನದೂ ಕೇಳಿ. ನಾಲ್ಕನೇ ವರ್ಷದಲ್ಲಿ ಒಬ್ಬರೇ ಪ್ರಕಾಶಕರು ನನಗೆ ಎಂಟು ಪುಸ್ತಕ ಕೊಟ್ಟರು. ವರ್ಷದ ಆದಾಯದ ಮುಕ್ಕಾಲು ಪಾಲು ಅವರಿಂದಲೇ. ಇನ್ನು ಗಿರಾಕಿ ಹುಡುಕುವ ತಾಪತ್ರಯ ಇಲ್ಲ ಅಂತ ಉಳಿದವರನ್ನೆಲ್ಲ ಬಿಟ್ಟೆ. ಒಂದು ಪುಸ್ತಕ 212 ಪುಟದ್ದು, "ಒಂದೇ ಒಂದು ಸಣ್ಣ ಬದಲಾವಣೆ" ಅಂತ ಹನ್ನೊಂದು ಸಲ ಪ್ರೂಫ್ ಬಂತು. ಹನ್ನೊಂದನೆಯ ಸಲ ಲೇಖಕರು ಮೂರನೇ ಅಧ್ಯಾಯಕ್ಕೆ ನಾಲ್ಕು ಸಾಲು ಸೇರಿಸಿದರು, ಅಲ್ಲಿಂದ ಮುಂದಿನ ಪುಟಗಳೆಲ್ಲ ಜರುಗಿ, ಪರಿವಿಡಿಯ ಪುಟಸಂಖ್ಯೆಗಳನ್ನು ಮತ್ತೆ ಒಂದೊಂದಾಗಿ ಸರಿ ಮಾಡಿದೆ. ಅಷ್ಟೂ ಸಲದ್ದಕ್ಕೆ ಒಂದೇ ಬಿಲ್ಲು. ಅಚ್ಚಿಗೆ ಹೋಗುವ ಫೈಲ್ ಕಳಿಸಿದ ದಿನವೇ ಬಿಲ್ಲನ್ನೂ ಕಳಿಸಿದೆ. "ಅಕೌಂಟ್ಸ್‌ನವರಿಗೆ ಹೇಳಿದ್ದೇನೆ" ಅನ್ನುವ ಉತ್ತರ ಐದು ತಿಂಗಳು ಬಂತು. ಆ ನಡುವೆ ಒಂದು ಪುಸ್ತಕದಂಗಡಿಗೆ ಹೋದರೆ ಆ ಪುಸ್ತಕ ಎದುರಿನ ಕಪಾಟಿನಲ್ಲೇ ಇದೆ. ತೆಗೆದು ನೋಡಿದೆ. ಪರಿವಿಡಿ ಸರಿಯಾಗಿತ್ತು.

ಆಮೇಲೆ ನನ್ನ ಪದ್ಧತಿ ಬದಲಾಯಿತು. ಶುರುವಿಗೆ ಮೂರನೇ ಒಂದು ಭಾಗ, ಮೊದಲ ಪ್ರೂಫಿಗೆ ಇನ್ನೊಂದು, ಕೊನೆಯದು ಬಂದ ಮೇಲೆ ಅಚ್ಚಿನ ಫೈಲ್. ಎರಡು ಪ್ರೂಫ್ ಆದ ಮೇಲಿನ ತಿದ್ದುಪಡಿಗೆ ಬೇರೆ ದರ, ಇದನ್ನು ಕೆಲಸ ಒಪ್ಪಿಕೊಳ್ಳುವ ಪತ್ರದಲ್ಲೇ ಬರೆಯುತ್ತೇನೆ. ಇದರಿಂದ ಗಿರಾಕಿಗಳು ಓಡಿಹೋಗುತ್ತಾರೆ ಅಂತ ಹೆದರಿದ್ದೆ. ಇಬ್ಬರು ಹೋದರು. ಇಬ್ಬರೂ ಸಮಯಕ್ಕೆ ದುಡ್ಡು ಕೊಡದವರೇ.

ನಿಮ್ಮ ಪತ್ರದ ಕೊನೆಯಲ್ಲಿ ಮನೆ ಖರ್ಚಿನ ಡಬ್ಬಿಯಿಂದಲೂ ಬಟ್ಟೆಗೆ ದುಡ್ಡು ತೆಗೆಯುತ್ತೇನೆ ಅಂತ ಬರೆದಿದ್ದೀರಿ. ಇವತ್ತೇ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆಯಿರಿ. ವ್ಯವಹಾರದ್ದೆಲ್ಲ ಅದರಲ್ಲಿ ಬರಲಿ, ಅದರಲ್ಲೇ ಹೋಗಲಿ. ತಿಂಗಳಿಗೊಮ್ಮೆ ಗೊತ್ತಾದ ಒಂದು ಮೊತ್ತವನ್ನು ನಿಮ್ಮ ಸಂಬಳ ಅಂತ ಮನೆ ಖಾತೆಗೆ ಹಾಕಿಕೊಳ್ಳಿ, ಎಷ್ಟು ಸಣ್ಣದಾದರೂ ಸರಿ. ತೆರಿಗೆಗೆ ಅಂತ ಪ್ರತಿ ಸಲ ಒಂದು ಪಾಲು ಬೇರೆ ತೆಗೆದಿಡಿ. ನೌಕರಿಯಲ್ಲಿದ್ದಾಗ ಸಂಬಳ ಕೈಗೆ ಬರುವ ಮೊದಲೇ ಅದು ಕಳೆದುಹೋಗುತ್ತಿತ್ತು, ಈಗ ಪೂರ್ತಿ ಮೊತ್ತ ಕಣ್ಣಮುಂದೆ ಇರುತ್ತದೆ, ಎಲ್ಲವೂ ನಮ್ಮದೇ ಅನಿಸುತ್ತದೆ.

ಪ್ರಶ್ನೆ: ನಮಗೆ ನಾವೇ ಬಾಸ್ ಆದರೆ ಬೇಕಾದಾಗ ಕೆಲಸ, ಬೇಡದಾಗ ರಜೆ. ನಾನು ಈ ದಾರಿ ಹಿಡಿಯುತ್ತಿರುವುದೇ ಇದಕ್ಕೆ. ಬೇರೆ ಕಾರಣ ಬೇಕಾ?

ಉತ್ತರ: ಬೇರೆ ಕಾರಣ ಒಂದಿದ್ದರೆ ಒಳ್ಳೆಯದು. ಬಾಸ್ ಹೋಗುವುದಿಲ್ಲ, ಒಬ್ಬರಿದ್ದವರು ಏಳು ಜನ ಆಗುತ್ತಾರೆ. ಪ್ರತಿ ಗಿರಾಕಿಯೂ ತನ್ನದೊಂದೇ ಕೆಲಸ ನಿಮ್ಮ ಕೈಯಲ್ಲಿದೆ ಅಂದುಕೊಂಡಿರುತ್ತಾನೆ. ರಜೆ ಹಾಕಬಹುದು, ನಿಜ, ಯಾರೂ ಬೇಡ ಅನ್ನುವುದಿಲ್ಲ, ಯಾರೂ ಸಂಬಳವನ್ನೂ ಕೊಡುವುದಿಲ್ಲ. ಜ್ವರ ಬಂದರೆ ನಿಮ್ಮ ಕೆಲಸ ಮಾಡುವವರು ಯಾರೂ ಇಲ್ಲ. ಹಾಗಾಗಿ ಅದೇ ಕೆಲಸ ಬಲ್ಲ ಇನ್ನೊಬ್ಬರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ, ನೀವು ಮಲಗಿದರೆ ಅವರು, ಅವರು ಮಲಗಿದರೆ ನೀವು. ನನಗೆ ಅಂಥ ಒಬ್ಬ ಗೆಳತಿ ಇದ್ದಾಳೆ, ಸ್ಪರ್ಧಿ ಅಂತ ಮೊದಮೊದಲು ಮುಖ ತಿರುಗಿಸುತ್ತಿದ್ದೆವು.

ಮತ್ತೆ ಮನೆಯವರು. "ಮನೇಲೇ ಇರ್ತೀಯಲ್ಲ, ಗ್ಯಾಸ್ ಸಿಲಿಂಡರ್ ಬಂದರೆ ತಗೋ", "ಮನೇಲೇ ಇರ್ತೀಯಲ್ಲ, ಮಗೂನ ಸ್ವಲ್ಪ ನೋಡ್ಕೋ." ಯಾರದ್ದೂ ತಪ್ಪಲ್ಲ, ಕೂತುಕೊಂಡು ಪರದೆ ನೋಡುವುದು ಕೆಲಸದ ಥರ ಕಾಣುವುದಿಲ್ಲ. ನಾನು ಬಾಗಿಲು ಹಾಕಿಕೊಂಡು ನೋಡಿದೆ, ಜಗಳ ಆಡಿ ನೋಡಿದೆ. ಕೊನೆಗೆ ಕೆಲಸ ಮಾಡಿದ್ದು ಒಂದು ಸಣ್ಣ ಉಪಾಯ. ಬೆಳಿಗ್ಗೆ ಒಂಬತ್ತೂವರೆಗೆ ಹೊರಗೆ ಹೋಗುವ ಬಟ್ಟೆ ಹಾಕಿಕೊಳ್ಳಲು ಶುರು ಮಾಡಿದೆ. ಅಷ್ಟೆ. ಅತ್ತೆ ಮೂರನೇ ದಿನ, "ಅವಳು ಆಫೀಸಲ್ಲಿದ್ದಾಳೆ, ಆಮೇಲೆ ಬನ್ನಿ" ಅಂತ ಬಾಗಿಲಲ್ಲಿ ಯಾರಿಗೋ ಹೇಳುತ್ತಿದ್ದರು.

ಪ್ರಶ್ನೆ: ನೀವು ನಡುವೆ ಸ್ವಂತ ಕೆಲಸ ನಿಲ್ಲಿಸಿ ನೌಕರಿಗೆ ಸೇರಿದ್ದಿರಿ ಅಂತ ಯಾರೋ ಹೇಳಿದರು. ನಿಜವೇ? ನಿಜವಾದರೆ ನಮಗೆ ಬುದ್ಧಿ ಹೇಳುವುದು ಹೇಗೆ?

ಉತ್ತರ: ನಿಜ. ಐದನೇ ವರ್ಷದಲ್ಲಿ, ಮೇಲೆ ಹೇಳಿದ ಬಿಲ್ಲಿನ ಕಥೆ ಮುಗಿಯುವ ಹೊತ್ತಿಗೆ, ಒಂದು ಕಡೆ ಕೆಲಸಕ್ಕೆ ಸೇರಿದೆ. ಎರಡು ವರ್ಷ ಇದ್ದೆ. ಹದಿನಾರು ಅಂತ ಮೇಲೆ ಬರೆದದ್ದು ಆ ಎರಡನ್ನು ಬಿಟ್ಟು. ಅಲ್ಲಿ ಸಂಬಳ ಸಮಯಕ್ಕೆ ಬರುತ್ತಿತ್ತು, ಪ್ರಿಂಟರ್ ಕೆಟ್ಟರೆ ಬೇರೆಯವರು ಬರುತ್ತಿದ್ದರು, ನನಗೇನೂ ಅವಮಾನ ಆಗಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಕೂರುತ್ತಿದ್ದವರು ಬಿಲ್ಲು ವಸೂಲಿ ಮಾಡುತ್ತಿದ್ದರು, ಬೆಳಗಿನಿಂದ ಸಂಜೆವರೆಗೆ ಅದೊಂದೇ ಕೆಲಸ. ಫೋನಿನಲ್ಲಿ ಏನು ಹೇಳುತ್ತಾರೆ, ಎಷ್ಟನೇ ದಿನ ಎರಡನೇ ಮೇಲ್ ಕಳಿಸುತ್ತಾರೆ, ಯಾವಾಗ ದನಿ ಬದಲಾಯಿಸುತ್ತಾರೆ ಅಂತ ಎರಡು ವರ್ಷ ಕಿವಿಗೊಟ್ಟು ಕೇಳಿಸಿಕೊಂಡೆ. ಮೂರನೇ ಒಂದು ಭಾಗದ ಮುಂಗಡ ಅನ್ನುವುದನ್ನು ಕಲಿತದ್ದೂ ಅವರಿಂದಲೇ. ಕೆಲಸ ಬಿಡುವ ದಿನ ಅವರು ತಮ್ಮ ಬಿಲ್ಲಿನ ನಮೂನೆಯ ಒಂದು ಪ್ರತಿ ಕೊಟ್ಟರು. ಇವತ್ತಿಗೂ ಅದರಲ್ಲೇ ಬಿಲ್ಲು ಕಳಿಸುತ್ತೇನೆ, ಹೆಸರು ಮಾತ್ರ ಬದಲಾಯಿಸಿಕೊಂಡಿದ್ದೇನೆ.